ಆಜಾದ್ ವೀಸಾ ಎಂಬುದಿಲ್ಲ

ಕಲಬುರಗಿ ಜಿಲ್ಲೆಯ ಅಫಜಲಪುರದಿಂದ ಅಕ್ಕಲಕೋಟೆ ದಾಟಿ ಸೊಲ್ಲಾಪುರಕ್ಕೆ ಹೋಗಿ ಹತ್ತು ವರ್ಷ ನಿಂತರೂ ಯಾರೂ ಕಾಗದ ಕೇಳುವುದಿಲ್ಲ. ಪುಣೆ, ಮುಂಬೈಗೆ ಗುಳೆ ಹೋದವರಿಗೆ ತಾವು ರಾಜ್ಯದ ಗಡಿ ದಾಟಿದ್ದೇ ನೆನಪಿರುವುದಿಲ್ಲ. ಕೂಲಿಗೆ ಕರೆದೊಯ್ಯುವ ಮುಕಾದಮ ಒಂದು ಮಾತು ಹೇಳಿರುತ್ತಾನೆ, ಒಂದಿಷ್ಟು ಮುಂಗಡ ಕೊಟ್ಟಿರುತ್ತಾನೆ, ಕುಟುಂಬ ಗಾಡಿ ಹತ್ತುತ್ತದೆ. ಕೆಲಸ ಸರಿಹೋಗದಿದ್ದರೆ, ಜಗಳವೋ ಸಾಲವೋ ಆಗಿ, ಹೇಗೋ ತಿರುಗಿ ಊರು ಸೇರುವ ದಾರಿಯಾದರೂ ಇರುತ್ತದೆ. ಭೀಮಾ ದಂಡೆಯ ನಮ್ಮ ಜನ ಇದೇ ರೂಢಿಯನ್ನು ದೇಶದ ಗಡಿ ದಾಟುವಾಗಲೂ ಹೊತ್ತೊಯ್ಯುತ್ತಾರೆ. ಅಲ್ಲಿ ಮುಕಾದಮನ ಜಾಗದಲ್ಲಿ ಏಜೆಂಟ್ ಇರುತ್ತಾನೆ. ಮಾತಿನ ಜಾಗದಲ್ಲಿ ಒಂದು ಕಾಗದ ಇರುತ್ತದೆ. ಆ ಕಾಗದದ ಮೇಲೆ ಬರೆದಿರುವ ಒಂದೆರಡು ಪದಗಳು ಮುಂದಿನ ಎರಡು ಮೂರು ವರ್ಷದ ಬದುಕನ್ನು ತೀರ್ಮಾನಿಸುತ್ತವೆ. ಅದನ್ನು ಓದಿ ಹೇಳುವವರೇ ನಮ್ಮಲ್ಲಿ ಕಡಿಮೆ.

ಅಫಜಲಪುರ, ಆಳಂದ, ಜೇವರ್ಗಿ ಕಡೆ ಕೊಲ್ಲಿ ದೇಶದ ಮಾತು ಬಂದರೆ ಸಾಮಾನ್ಯವಾಗಿ ಕೇಳಿಬರುವುದು ‘ಆಜಾದ್ ವೀಸಾ’. ‘ಫ್ರೀ ವೀಸಾ’ ಎಂದೂ ಅನ್ನುತ್ತಾರೆ. “ವೀಸಾ ಬಂದದ ಕಾಕಾ, ಆಜಾದ್ ವೀಸಾ. ಎಲ್ಲಿ ಬೇಕಾದ್ರೂ ಕೆಲಸ ಮಾಡಬಹುದಂತ” ಎಂದು ಹುಡುಗ ಹೇಳುವಾಗ ಮುಖದಲ್ಲಿ ಗೆದ್ದ ಕಳೆ ಇರುತ್ತದೆ. ಬೇರೆ ವೀಸಾಕ್ಕಿಂತ ಹೆಚ್ಚು ದುಡ್ಡು ಕೊಟ್ಟು ಕೊಂಡಿರುತ್ತಾನೆ. ಆದರೆ ಸೌದಿ ಅರೇಬಿಯಾ ಆಗಲಿ, ಕುವೈತ್ ಆಗಲಿ, ಕತಾರ್ ಆಗಲಿ, ಆಜಾದ್ ವೀಸಾ ಎಂಬ ಹೆಸರಿನದ್ದನ್ನು ಯಾವ ಸರ್ಕಾರವೂ ಕೊಡುವುದಿಲ್ಲ. ನಡೆಯುವುದು ಇಷ್ಟೇ: ಅಲ್ಲಿನ ಒಬ್ಬ ಕಫೀಲ್, ಎಂದರೆ ವಿದೇಶಿ ಕಾರ್ಮಿಕನ ಹೊಣೆ ಹೊತ್ತ ಮಾಲೀಕ, ತನಗೆ ಮನೆ ಚಾಲಕ ಬೇಕು, ಕುರಿ ಕಾಯುವವನು ಬೇಕು ಎಂದು ಹೇಳಿ ವೀಸಾ ಪಡೆದಿರುತ್ತಾನೆ. ಅವನಿಗೆ ಚಾಲಕನ ಅಗತ್ಯವೂ ಇರುವುದಿಲ್ಲ, ಕುರಿಯೂ ಇರುವುದಿಲ್ಲ. ಅದನ್ನು ದಲ್ಲಾಳಿಗೆ ಮಾರುತ್ತಾನೆ. ದಲ್ಲಾಳಿ ಹೈದರಾಬಾದಿನವನಿಗೆ, ಅವನು ನಮ್ಮ ಊರಿನವನಿಗೆ. ಕಾಗದದ ಮೇಲೆ ನಮ್ಮ ಹುಡುಗ ಒಬ್ಬ ಶೇಖನ ಮನೆಯ ಚಾಲಕ. ನಿಜದಲ್ಲಿ ಮತ್ತೆಲ್ಲೋ ಗಾರೆ ಕೆಲಸ, ಹೋಟೆಲ್ ಕೆಲಸ.

ಕೆಲವರಿಗೆ ಇದು ವರ್ಷಗಟ್ಟಲೆ ನಡೆದುಹೋಗುತ್ತದೆ. ಅಂಥವರು ರಜೆಯಲ್ಲಿ ಊರಿಗೆ ಬಂದು ಮನೆ ಕಟ್ಟಿಸುತ್ತಾರೆ. ಅವರನ್ನು ನೋಡಿಯೇ ಉಳಿದವರು ಹೊರಡುವುದು. ನಡೆಯದೆ ಹೋದವರ ಕಥೆ ಊರಿಗೆ ತಡವಾಗಿ ತಲುಪುತ್ತದೆ. ಒಬ್ಬ ಮಾಲೀಕನ ಹೆಸರಿನಲ್ಲಿ ಬಂದು ಮತ್ತೊಬ್ಬನ ಬಳಿ ದುಡಿಯುವುದು ಅಲ್ಲಿನ ಕಾನೂನಿನ ಪ್ರಕಾರ ಅಪರಾಧ. ತಪಾಸಣೆಯಲ್ಲಿ ಸಿಕ್ಕರೆ ಬಂಧನ, ಗಡೀಪಾರು. ಕಫೀಲನಿಗೆ ಮನಸ್ಸು ತಿರುಗಿದರೆ ‘ನನ್ನ ಕೆಲಸಗಾರ ಓಡಿಹೋಗಿದ್ದಾನೆ’ ಎಂದು ದೂರು ಕೊಡುತ್ತಾನೆ. ಅದಕ್ಕೆ ಸೌದಿಯಲ್ಲಿ ಹುರೂಬ್ ಎನ್ನುತ್ತಾರೆ. ಹುರೂಬ್ ಬಿದ್ದವನು ನ್ಯಾಯವಾಗಿ ಕೆಲಸ ಮಾಡುವಂತಿಲ್ಲ, ಸಲೀಸಾಗಿ ಊರಿಗೆ ಹೊರಡುವಂತೆಯೂ ಇಲ್ಲ. ಪ್ರತಿ ವರ್ಷ ಕಫೀಲನಿಗೆ ಕಪ್ಪ ಕಟ್ಟುತ್ತ ಹೋಗುವುದು ಈ ದೂರಿನ ಭಯಕ್ಕೇ. ಇದನ್ನು ಆಜಾದಿ ಎಂದು ಕರೆದವನ ಚಾತುರ್ಯವನ್ನು ಮೆಚ್ಚಬೇಕು.

ಕುವೈತಿನಲ್ಲಿ ಈ ಭೇದ ಇನ್ನೂ ಸ್ಪಷ್ಟ. ಅಲ್ಲಿ ಮನೆಗೆಲಸದವರ, ಎಂದರೆ ಖಾದಿಮರ, ವಾಸದ ಪರವಾನಗಿ 20ನೇ ಕಲಮಿನದು, ಖಾಸಗಿ ಕಂಪನಿಯವರದು 18ನೇ ಕಲಮಿನದು. 20ರಲ್ಲಿ ಹೋದವನು ತನ್ನಿಷ್ಟಕ್ಕೆ 18ಕ್ಕೆ ಹಾರಲಾರ. 2024ರಲ್ಲಿ ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಎರಡು ತಿಂಗಳು ಮಾತ್ರ, ಆ ಬಾಗಿಲು ತೆರೆದು ಮುಚ್ಚಿದರು. “ಮದಲ ಖಾದಿಮ್ ವೀಸಾದ ಮ್ಯಾಲ ಹೋಗು, ಆಮ್ಯಾಲ ಕಂಪನಿಗೆ ಹಾಕ್ತೀವಿ” ಎನ್ನುವ ಏಜೆಂಟ್ ಈ ಕಲಮುಗಳನ್ನು ಬಲ್ಲವನೇ. ಹೇಳುವುದಿಲ್ಲ ಅಷ್ಟೇ.

ಇಲ್ಲಿ ಒಂದು ಮೂಲ ವಿಷಯ ಬಿಡಿಸಿ ಹೇಳಬೇಕು. ವೀಸಾ ಸಿಕ್ಕಿತು ಎಂದರೆ ಆ ದೇಶದಲ್ಲಿ ಇರಲು ಹಕ್ಕು ಸಿಕ್ಕಿತು ಎಂದು ನಮ್ಮಲ್ಲಿ ತಿಳಿಯುತ್ತಾರೆ. ವೀಸಾ ಸಾಮಾನ್ಯವಾಗಿ ಒಳಗೆ ಬರಲು ಕೊಡುವ ಅನುಮತಿ. ಉಳಿಯುವ ಅನುಮತಿ ಅಲ್ಲಿ ಇಳಿದ ಮೇಲೆ, ಬೇರೆ ಕಾಗದದ ರೂಪದಲ್ಲಿ ಬರುತ್ತದೆ. ಸೌದಿಯಲ್ಲಿ ಅದು ಇಕಾಮಾ. ಕೆಲಸಗಾರ ಬಂದಿಳಿದ 90 ದಿನದೊಳಗೆ ಮಾಲೀಕ ಅದನ್ನು ಮಾಡಿಸಿಕೊಡಬೇಕು, ಶುಲ್ಕವನ್ನೂ ಅವನೇ ಕಟ್ಟಬೇಕು. ಯುಎಇಯಲ್ಲಿ ಪ್ರವೇಶ ಪರವಾನಗಿಯ ಮೇಲೆ ಹೋದವನು ವೈದ್ಯಕೀಯ ತಪಾಸಣೆ, ಎಮಿರೇಟ್ಸ್ ಐಡಿ ಎಲ್ಲ ಮುಗಿಸಿದ ಮೇಲೆ ಎರಡು ವರ್ಷದ ವಾಸದ ವೀಸಾ ಪಡೆಯುತ್ತಾನೆ. ಅದು ಸಿಕ್ಕವನೂ ಆರು ತಿಂಗಳಿಗಿಂತ ಹೆಚ್ಚು ಕಾಲ ಊರಲ್ಲಿ ಕೂತರೆ ಸಾಮಾನ್ಯವಾಗಿ ರದ್ದಾಗುತ್ತದೆ. ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ. ತಿಂಗಳಿಗೆ ಸಾವಿರ, ಸಾವಿರದೈನೂರು ದಿರ್ಹಮ್ ದುಡಿಯುವವನಿಗೆ ಈ ದಂಡ ಕಟ್ಟಿ ಹೊರಬರುವುದು ಎಂದರೆ ಏನೆಂದು ಲೆಕ್ಕ ಹಾಕಿ ನೋಡಬೇಕು. 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ಕೊನೆಯವರೆಗೆ ಅಲ್ಲಿನ ಸರ್ಕಾರ ದಂಡ ಮನ್ನಾ ಮಾಡಿದಾಗ ಜನ ಸಾಲುಗಟ್ಟಿದ್ದು ಇದಕ್ಕೇ.

ಇದೇನು ಅರಬರ ವಿಚಿತ್ರ ಪದ್ಧತಿಯಲ್ಲ. ಆಳಂದ ರಸ್ತೆಯ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಅಲ್ಲಿಗೆ ಓದಲು ಬರುವ ವಿದೇಶಿ ವಿದ್ಯಾರ್ಥಿಗೆ 180 ದಿನಕ್ಕಿಂತ ಹೆಚ್ಚಿನ ವೀಸಾ ಇದ್ದರೆ ಆತ ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಮಾಡಿಸಬೇಕು. ದೇವಲ ಗಾಣಗಾಪುರದ ಲಾಡ್ಜಿನಲ್ಲಿ ಒಬ್ಬ ವಿದೇಶಿ ಭಕ್ತ ತಂಗಿದರೆ ಲಾಡ್ಜಿನವರು 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು. 2025ರ ಸೆಪ್ಟೆಂಬರ್ 1ರಿಂದ ಜಾರಿಯಾದ ನಮ್ಮ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ಅವಧಿ ಮೀರಿ ಉಳಿದವನಿಗೆ ಮೂರು ವರ್ಷದವರೆಗೆ ಸೆರೆ, ಮೂರು ಲಕ್ಷದವರೆಗೆ ದಂಡ ಇದೆ. ನಾವು ಬೇರೆಯವರಿಗೆ ಕೇಳುವುದನ್ನೇ ಬೇರೆಯವರು ನಮಗೆ ಕೇಳುತ್ತಾರೆ.

ಏಜೆಂಟರ ಎರಡನೆಯ ಮಂತ್ರ ‘ವಿಸಿಟ್ ವೀಸಾ’. “ಅಲ್ಲಿ ಹೋಗಿ ಚೇಂಜ್ ಮಾಡ್ಸಿದರಾತು.” ಈ ಮಾತು ಅರ್ಧ ಸತ್ಯ, ಅದಕ್ಕೇ ಅಪಾಯಕಾರಿ. ದುಬೈನಲ್ಲಿ ಭೇಟಿಯ ವೀಸಾ ಮೇಲೆ ಹೋದವನಿಗೆ ನಿಜಕ್ಕೂ ಕೆಲಸ ಸಿಕ್ಕಿ, ಕಂಪನಿ ಅವನ ಸ್ಥಿತಿಯನ್ನು ಬದಲಿಸಿ ಕೆಲಸದ ವೀಸಾ ಮಾಡಿಸುವುದುಂಟು. ಹಾಗೆ ಗೆದ್ದವರು ನಮ್ಮ ಜಿಲ್ಲೆಯಲ್ಲೇ ಸಿಗುತ್ತಾರೆ. ಆದರೆ ಆ ಬದಲಾವಣೆ ಆಗುವ ತನಕ ಒಂದು ದಿನ ದುಡಿದರೂ ಅದು ಕಾನೂನುಬಾಹಿರ. ಸಂಬಳ ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ ಕೇಳಲು ಕರಾರು ಇರುವುದಿಲ್ಲ. ಬಿದ್ದು ಕೈಕಾಲು ಮುರಿದರೆ ಪರಿಹಾರಕ್ಕೆ ದಾಖಲೆಯಿಲ್ಲ. ಸರ್ಕಾರದ ಲೆಕ್ಕದಲ್ಲಿ ಅವನು ಬುರ್ಜ್ ಖಲೀಫಾ ನೋಡಲು ಬಂದ ಪ್ರವಾಸಿ.

ಈ ಮಂತ್ರ ಎಲ್ಲಿಗೆ ಒಯ್ಯಬಲ್ಲದು ಎಂಬುದನ್ನು ಕಲಬುರಗಿ ಜಿಲ್ಲೆ 2024ರಲ್ಲಿ ಕಂಡಿತು. ಫೆಬ್ರುವರಿಯಲ್ಲಿ ಸುದ್ದಿ ಬಂತು: ಜಿಲ್ಲೆಯ ಮೂವರು ಯುವಕರು, ಅವರ ಜೊತೆ ತೆಲಂಗಾಣದ ನಾರಾಯಣಪೇಟೆಯ ಒಬ್ಬ, ರಷ್ಯಾ–ಉಕ್ರೇನ್ ಯುದ್ಧಭೂಮಿಯಲ್ಲಿ ಸಿಕ್ಕಿಬಿದ್ದಿದ್ದಾರೆ. ಯೂಟ್ಯೂಬ್ ವಾಹಿನಿಯೊಂದರ ಮೂಲಕ ಭದ್ರತಾ ಕೆಲಸ, ಸಹಾಯಕನ ಕೆಲಸ ಎಂದು ನಂಬಿಸಿ ಅವರನ್ನು ಒಯ್ದಿದ್ದರು. ಅಲ್ಲಿ ಓದಲು ಬಾರದ ರಷ್ಯನ್ ಭಾಷೆಯ ಕರಾರಿಗೆ ಸಹಿ ಹಾಕಿಸಿಕೊಂಡರು. ಅದೇ ದಾರಿಯಲ್ಲಿ ಹೋದ ಹೈದರಾಬಾದಿನ ಒಬ್ಬರು, ಗುಜರಾತಿನ ಒಬ್ಬರು ಅಲ್ಲಿಯೇ ಸತ್ತರು. ಮಾರ್ಚ್‌ನಲ್ಲಿ ಸಿಬಿಐ ಹಲವು ನಗರಗಳಲ್ಲಿ ದಾಳಿ ಮಾಡಿ ಏಜೆಂಟರ ಮೇಲೆ, ವೀಸಾ ಸಲಹಾ ಸಂಸ್ಥೆಗಳ ಮೇಲೆ ಪ್ರಕರಣ ದಾಖಲಿಸಿತು. ಜುಲೈನಲ್ಲಿ ಪ್ರಧಾನಿ ಮಾಸ್ಕೋಗೆ ಹೋದಾಗ ಈ ವಿಷಯ ಎತ್ತಿದರು. ನಮ್ಮ ಹುಡುಗರು ಮನೆ ಸೇರಿದ್ದು ಸೆಪ್ಟೆಂಬರ್‌ನಲ್ಲಿ.

ಸುದ್ದಿವಾಹಿನಿಗಳು ಯುದ್ಧದ ಕಥೆ ಹೇಳಿದವು. ಕಾಗದದ ಕಥೆ ಯಾರೂ ಹೇಳಲಿಲ್ಲ. ನನಗೆ ಅದೇ ಮುಖ್ಯ ಅನಿಸುತ್ತದೆ. ನಮ್ಮಲ್ಲಿ 1983ರ ವಲಸೆ ಕಾಯ್ದೆ ಎಂಬುದೊಂದಿದೆ. ಅದರ ಪ್ರಕಾರ ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇಸಿಆರ್’ ಎಂಬ ಮುದ್ರೆ ಇರುತ್ತದೆ. ವಲಸೆ ತಪಾಸಣೆ ಅಗತ್ಯ ಎಂದು ಅರ್ಥ. ಅಂಥವರು 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ವಲಸಿಗರ ಸಂರಕ್ಷಕ ಕಚೇರಿಯ ಒಪ್ಪಿಗೆ ಪಡೆಯಬೇಕು. ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹರೇನ್, ಮಲೇಷ್ಯಾ ಎಲ್ಲ ಆ ಪಟ್ಟಿಯಲ್ಲಿವೆ. ರಷ್ಯಾ ಇಲ್ಲ. ಎಂದರೆ ಮಾಸ್ಕೋ ವಿಮಾನ ಹತ್ತುವವನ ಕರಾರನ್ನು, ಸಂಬಳವನ್ನು, ಮಾಲೀಕನನ್ನು ಭಾರತದ ಯಾವ ಅಧಿಕಾರಿಯೂ ಮೊದಲೇ ನೋಡುವ ಏರ್ಪಾಡು ಈ ಪದ್ಧತಿಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿರುವ ದೇಶಕ್ಕೂ ಪ್ರವಾಸಿ ವೀಸಾದ ಮೇಲೆ ಹೋದರೆ ಅಷ್ಟೇ. ಪ್ರವಾಸಿಗೆ ಯಾವ ಕರಾರು, ಯಾವ ತಪಾಸಣೆ? ವಿಸಿಟ್ ವೀಸಾದ ಮೇಲೆ ಏಜೆಂಟರಿಗೆ ಇಷ್ಟೊಂದು ಪ್ರೀತಿ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಇಸಿಆರ್ ಮುದ್ರೆಯನ್ನು ನಮ್ಮ ಜನ ಕಳಂಕ ಎಂದು ತಿಳಿಯುತ್ತಾರೆ. “ಪಾಸ್‌ಪೋರ್ಟಿಗೆ ಠಸ್ಸೆ ಬಿತ್ತು” ಎಂದು ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಶೇ 42.43ರ ಫಲಿತಾಂಶದೊಂದಿಗೆ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಆ ಅಂಕಿಯನ್ನು ನಾವು ಶಿಕ್ಷಣ ಇಲಾಖೆಯ ಅವಮಾನ ಎಂದಷ್ಟೇ ಓದಿದೆವು. ಮುಂದೊಂದು ದಿನ ಅದು ಪಾಸ್‌ಪೋರ್ಟಿನ ಪುಟದ ಮೇಲೂ ಮೂಡುತ್ತದೆ. ಆದರೆ ನಿಜ ಹೇಳಬೇಕೆಂದರೆ ಆ ಮುದ್ರೆ ಇರುವವನು ಸರಿಯಾದ ದಾರಿಯಲ್ಲಿ ಹೋದರೆ ಇಲ್ಲದವನಿಗಿಂತ ಹೆಚ್ಚು ಭದ್ರ. ಅವನ ಕರಾರು ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ದಾಖಲಾಗುತ್ತದೆ. ಪ್ರವಾಸಿ ಭಾರತೀಯ ವಿಮಾ ಯೋಜನೆ ಅವನಿಗೆ ಕಡ್ಡಾಯ: ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ, ತೆರಿಗೆ ಬೇರೆ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ ರೂಪಾಯಿ. ಲೈಸೆನ್ಸ್ ಇರುವ ನೇಮಕಾತಿ ಏಜೆಂಟ್ ಸೇವಾ ಶುಲ್ಕವೆಂದು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ರಸೀದಿ ಕೊಡಲೇಬೇಕು. ತೊಗರಿ ಮಾರಿ, ಬಂಗಾರ ಅಡ ಇಟ್ಟು ಲಕ್ಷಗಟ್ಟಲೆ ಕೊಟ್ಟವರ ಕೈಯಲ್ಲಿ ಒಂದು ಚೀಟಿಯೂ ಇಲ್ಲದಿರುವುದನ್ನು ನಮ್ಮ ತಾಲ್ಲೂಕುಗಳಲ್ಲಿ ಯಾರು ಬೇಕಾದರೂ ನೋಡಬಹುದು.

ಯಾವ ಏಜೆಂಟನಿಗೆ ಲೈಸೆನ್ಸ್ ಇದೆ ಎಂಬ ಪಟ್ಟಿ ಅದೇ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಸಿಗುತ್ತದೆ, ಮೊಬೈಲಿನಲ್ಲೇ ನೋಡಬಹುದು. ಲೈಸೆನ್ಸ್ ಇರುವ ಮುಂಬೈ ಕಂಪನಿಯ ಹೆಸರು ಹೇಳಿ ಲೈಸೆನ್ಸ್ ಇಲ್ಲದ ಉಪ-ಏಜೆಂಟ್ ದುಡ್ಡು ವಸೂಲಿ ಮಾಡುವುದು ಹೆಚ್ಚು ನಡೆಯುವುದರಿಂದ, ಹೆಸರು ಪಟ್ಟಿಯಲ್ಲಿದ್ದರೆ ಸಾಲದು. ಪೋರ್ಟಲಿನಲ್ಲಿರುವ ದೂರವಾಣಿಗೆ ಕರೆ ಮಾಡಿ ‘ಈ ಮನುಷ್ಯ ನಿಮ್ಮವನೇ’ ಎಂದು ಕೇಳಬೇಕು. ವಲಸಿಗರ ಸಂರಕ್ಷಕ ಕಚೇರಿ, ರಾಜ್ಯ ಸರ್ಕಾರದ ಅಂತಾರಾಷ್ಟ್ರೀಯ ವಲಸೆ ಕೇಂದ್ರ ಎರಡೂ ಬೆಂಗಳೂರಿನಲ್ಲಿವೆ. ಅಫಜಲಪುರದಿಂದ ಅದು ಸುಮಾರು ಆರುನೂರು ಕಿಲೋಮೀಟರ್ ದೂರ. ಹೈದರಾಬಾದ್ ಅದರ ಅರ್ಧ ದಾರಿ, ಏಜೆಂಟನ ಅಂಗಡಿ ಬಸ್ ನಿಲ್ದಾಣದ ಹಿಂದೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಮೇಲೂ ವಾರಕ್ಕೊಮ್ಮೆಯಾದರೂ ಕಲಬುರಗಿಯಲ್ಲಿ ಕೂತು ಕಾಗದ ಓದಿ ಹೇಳುವ ಒಬ್ಬ ಅಧಿಕಾರಿಯನ್ನು ಕೊಡಲು ಏನು ಅಡ್ಡಿ?

ಕಾಗದದ ಮಾತು ಬಂದಾಗ ಕುವೈತಿನ ಬೆಂಕಿ ನೆನಪಾಗುತ್ತದೆ. 2024ರ ಜೂನ್ 12ರ ನಸುಕಿನಲ್ಲಿ ಮಂಗಾಫ್ ಎಂಬಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ಐವತ್ತರ ಹತ್ತಿರ ಜನ ಸತ್ತರು, ಬಹುಪಾಲು ಭಾರತೀಯರು. ಎರಡು ದಿನದ ಮೇಲೆ ವಾಯುಪಡೆಯ ವಿಮಾನ 45 ಶವಗಳನ್ನು ಕೊಚ್ಚಿಗೆ ತಂದಿತು. ಅದರಲ್ಲಿ ಕರ್ನಾಟಕದವರು ಒಬ್ಬರು, ಆಳಂದ ತಾಲ್ಲೂಕಿನವರು. ಅವರು ಕಂಪನಿಯ ದಾಖಲೆಯಲ್ಲಾದರೂ ಇದ್ದವರು. ಇದೇ ಕಟ್ಟಡದಲ್ಲಿ ಯಾರದೋ ಹೆಸರಿನ ವೀಸಾ ಹಿಡಿದವನು ಮಲಗಿದ್ದರೆ ಎಂದು ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ.

ಇನ್ನು ಹೆಸರಿನ ತೊಡಕು. ನಮ್ಮ ಕಡೆ ಶಾಲೆಯ ದಾಖಲೆಯಲ್ಲಿ ‘ಮಹಾಂತಪ್ಪ ತಂದೆ ಶರಣಪ್ಪ’ ಎಂದಿರುತ್ತದೆ, ಆಧಾರಿನಲ್ಲಿ ಬರೀ ‘ಮಹಾಂತಪ್ಪ’, ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ. ಯುಎಇ 2022ರ ನವೆಂಬರ್ 21ರಿಂದ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದರೆ ಭೇಟಿಯ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ ಎಂದು ನಿಯಮ ಮಾಡಿತು. ಟಿಕೆಟ್ ತೆಗೆಸಿ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಹೋದವನು ಕೌಂಟರಿನಿಂದಲೇ ವಾಪಸು ಬರಬೇಕಾಗಬಹುದು. ಆದ್ದರಿಂದ ಪಾಸ್‌ಪೋರ್ಟ್ ಮಾಡಿಸುವಾಗಲೇ ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಉಪನಾಮವಾಗಿ ಹಾಕಿಸುವುದು ಒಳ್ಳೆಯದು. ಕಲಬುರಗಿಯಲ್ಲೇ ಪಾಸ್‌ಪೋರ್ಟ್ ಅರ್ಜಿ ಕೊಡಬಹುದಾದ್ದರಿಂದ ಇದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ.

ಐಟಿಐ, ಡಿಪ್ಲೊಮಾ, ನರ್ಸಿಂಗ್ ಓದಿ ಹೋಗುವವರಿಗೆ ಪ್ರಮಾಣಪತ್ರಗಳ ದೃಢೀಕರಣ ಇನ್ನೊಂದು ಸುತ್ತು. ರಾಜ್ಯ ಸರ್ಕಾರದ ಮುದ್ರೆ ಮೊದಲು, ವಿದೇಶಾಂಗ ಸಚಿವಾಲಯದ್ದು ನಂತರ. ಒಂದು ದೇಶದ ಮುದ್ರೆಯನ್ನು ಇನ್ನೊಂದು ದೇಶ ಮಾನ್ಯ ಮಾಡುವ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ ದೇಶಕ್ಕೆ ಅಲ್ಲಿಗೆ ಮುಗಿಯಿತು. ಸೌದಿ 2022ರ ಡಿಸೆಂಬರ್‌ನಿಂದ ಆ ಗುಂಪಿನಲ್ಲಿದೆ. ಯುಎಇಗೆ ಹಾಗಾಗದು, ಅದರ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ಗಲ್ಫ್ ಬಿಟ್ಟರೆ ನಮ್ಮ ತಾಲ್ಲೂಕುಗಳಿಂದ ದೂರ ದೇಶಕ್ಕೆ ಹೋಗುವ ಇನ್ನೊಂದು ಬಳಗ ಇದೆ: ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಮಗ-ಸೊಸೆಯ ಮನೆಗೆ, ಬಾಣಂತನಕ್ಕೆಂದು ಹೊರಟ ಅಪ್ಪ-ಅವ್ವ. ಇವರ ಗೊಂದಲ ಬೇರೆ ಥರದ್ದು. ಅಮೆರಿಕದ ಭೇಟಿ ವೀಸಾ ಹತ್ತು ವರ್ಷದ್ದು ಎಂದು ಪಾಸ್‌ಪೋರ್ಟಿನಲ್ಲಿ ಅಚ್ಚಾಗಿರುತ್ತದೆ. ಹತ್ತು ವರ್ಷ ಅಲ್ಲಿರಬಹುದು ಎಂದಲ್ಲ, ಹತ್ತು ವರ್ಷದೊಳಗೆ ಹಲವು ಸಲ ಬಾಗಿಲಿಗೆ ಬರಬಹುದು ಎಂದು ಅದರರ್ಥ. ಪ್ರತಿ ಸಲ ಎಷ್ಟು ದಿನ ಇರಬಹುದೆಂದು ವಿಮಾನ ನಿಲ್ದಾಣದ ಅಧಿಕಾರಿ ನಿಗದಿ ಮಾಡುತ್ತಾನೆ, ಸಾಮಾನ್ಯವಾಗಿ ಆರು ತಿಂಗಳು. ಐ-94 ಎಂಬ ಆನ್‌ಲೈನ್ ದಾಖಲೆಯಲ್ಲಿ ಆ ದಿನಾಂಕ ಇರುತ್ತದೆ. ಅದನ್ನು ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಬಂದರೆ ಮೂರು ವರ್ಷ, ಒಂದು ವರ್ಷ ಮೀರಿದರೆ ಹತ್ತು ವರ್ಷ ಮತ್ತೆ ಒಳಗೆ ಬಿಡುವುದಿಲ್ಲ. ಮೊಮ್ಮಗನ ತೊಟ್ಟಿಲು ತೂಗಿದ ಅಜ್ಜಿ ಅವನ ಶಾಲೆ ನೋಡುವುದು ತಪ್ಪುತ್ತದೆ.

ಯುರೋಪಿನ ಷೆಂಗೆನ್ ದೇಶಗಳ ಲೆಕ್ಕ ಇನ್ನೂ ಬಿಗಿ: ಯಾವುದೇ 180 ದಿನದಲ್ಲಿ 90 ದಿನ. 2025ರ ಅಕ್ಟೋಬರ್ 12ರಿಂದ ಅಲ್ಲಿ ಬಂದುಹೋಗುವ ದಿನಗಳನ್ನು ಯಂತ್ರವೇ ಎಣಿಸತೊಡಗಿದೆ, ಠಸ್ಸೆ ಮಸುಕಾಗಿದೆ ಎಂಬ ನೆಪ ನಡೆಯುವುದಿಲ್ಲ. ಅದಕ್ಕಿಂತ ಹೆಚ್ಚು ಕಾಲ ಇರಬೇಕಾದರೆ ಆಯಾ ದೇಶದ ‘ಡಿ’ ವರ್ಗದ ದೀರ್ಘಾವಧಿ ವೀಸಾ ಬೇಕು. ಜರ್ಮನಿಗೆ ಓದಲು ಹೋಗುವವನು ವರ್ಷದ ಖರ್ಚಿಗೆಂದು 11,904 ಯೂರೊ ಬೀಗ ಹಾಕಿದ ಖಾತೆಯಲ್ಲಿ ತೋರಿಸಬೇಕಾಗುವುದು ಆ ವೀಸಾಕ್ಕೇ. ವಯಸ್ಸಾದವರ ಮಟ್ಟಿಗೆ ಉದಾರವಾಗಿರುವುದು ಕೆನಡಾ. ಅಲ್ಲಿನ ಸೂಪರ್ ವೀಸಾದಲ್ಲಿ ತಂದೆತಾಯಿ, ಅಜ್ಜ-ಅಜ್ಜಿ ಒಂದೇ ಸಲಕ್ಕೆ ಐದು ವರ್ಷದವರೆಗೆ ಇರಬಹುದು. ಮಕ್ಕಳ ಆದಾಯ, ವೈದ್ಯಕೀಯ ವಿಮೆ ತೋರಿಸಬೇಕು.

ಮತ್ತೆ ದುಡಿಯಲು ಹೋಗುವವರ ಕಡೆಗೆ. ಹೊರಡುವ ಮುನ್ನ ಮನೆಯಲ್ಲಿ ಬಿಟ್ಟುಹೋಗಬೇಕಾದ ಕಾಗದಗಳು ಹೆಚ್ಚೇನಿಲ್ಲ: ಪಾಸ್‌ಪೋರ್ಟಿನ ಮೊದಲ-ಕೊನೆಯ ಪುಟದ ಝೆರಾಕ್ಸ್, ವೀಸಾದ ಪ್ರತಿ, ಕರಾರಿನ ಪ್ರತಿ, ಮಾಲೀಕನ ಹೆಸರು ಮತ್ತು ದೂರವಾಣಿ, ಏಜೆಂಟನಿಗೆ ದುಡ್ಡು ಕೊಟ್ಟ ರಸೀದಿ ಅಥವಾ ಫೋನ್‌ಪೇ ದಾಖಲೆ. ನಗದು ಕೊಡಬೇಡಿ. ವೀಸಾ ಅರಬ್ಬಿಯಲ್ಲಿದ್ದರೆ ಊರಿನ ಮದರಸಾದಲ್ಲಿ ಓದಿ ಹೇಳುವವರು ಸಿಕ್ಕೇ ಸಿಗುತ್ತಾರೆ. ಕೆಲಸದ ಹೆಸರೇನು, ಮಾಲೀಕ ಯಾರು, ಅವಧಿ ಎಷ್ಟು, ಈ ಮೂರನ್ನು ಕೇಳಿ. ಅಲ್ಲಿಗೆ ಹೋದ ಮೇಲೆ ಇಕಾಮಾ ಬಂದ ದಿನ ಅದರ ಫೋಟೊ ಮನೆಗೆ ವಾಟ್ಸ್‌ಆ್ಯಪ್ ಮಾಡಲಿ. ಮೂರು ತಿಂಗಳಾದರೂ ಬರದಿದ್ದರೆ ‘ಇನ್ನೊಂದು ತಿಂಗಳು ನೋಡೋಣ’ ಎಂದು ಕೂರಬಾರದು. ಸರ್ಕಾರದ ಸಹಾಯವಾಣಿ 1800 11 3090ಕ್ಕೆ ಕರೆ ಮಾಡಬಹುದು, ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲಿನಲ್ಲಿ ಊರಿನಿಂದಲೇ ಮನೆಯವರು ದೂರು ದಾಖಲಿಸಬಹುದು. ಫಾರ್ಮು ತುಂಬುವಾಗ ಹೋದವರ ಪಾಸ್‌ಪೋರ್ಟ್ ಸಂಖ್ಯೆ, ಅಲ್ಲಿನ ವಿಳಾಸ, ಮಾಲೀಕನ ವಿವರ ಬೇಕಾಗುತ್ತವೆ, ಝೆರಾಕ್ಸ್ ಕೈಗೆ ಸಿಗುವಲ್ಲಿ ಇಡಿ.